ಯಾವ ಬೀದಿಗೆ ಮೊದಲು ಫೈಬರ್?



ಈ ಉಪನ್ಯಾಸದ ದತ್ತಿಯನ್ನು ಇಟ್ಟ ಹಿರಿಯರು ದೂರವಾಣಿ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಅವರ ಕಾಲದಲ್ಲಿ ಮನೆಗೆ ಫೋನು ಬೇಕೆಂದವರು ಅರ್ಜಿ ಹಾಕಿ, ಠೇವಣಿ ಕಟ್ಟಿ, ಕಾಯುವ ಪಟ್ಟಿಯಲ್ಲಿ ಹೆಸರು ಬರೆಸಬೇಕಿತ್ತು. ಸಾಮಾನ್ಯ ವರ್ಗಕ್ಕೆ ಒಂದು ಪಟ್ಟಿ, ವಿಶೇಷ ವರ್ಗಕ್ಕೆ ಇನ್ನೊಂದು, ದೊಡ್ಡ ಠೇವಣಿ ಇಟ್ಟವರಿಗೆ ಓವೈಟಿ ಎಂಬ ಮತ್ತೊಂದು. ಶಿಫಾರಸು ತಂದವರು ಮುಂದೆ ಹಾರುತ್ತಿದ್ದದ್ದೂ ಉಂಟು. ಮಗ ಹುಟ್ಟಿದಾಗ ಹಾಕಿದ ಅರ್ಜಿಗೆ ಅವನ ಉಪನಯನದ ಹೊತ್ತಿಗೆ ಫೋನು ಬಂತೆಂದು ಜನ ನಗುತ್ತಿದ್ದರು. ಹಾಗಿದ್ದೂ ಆ ವ್ಯವಸ್ಥೆಯಲ್ಲಿ ಒಂದು ಗುಣವಿತ್ತು: ಪಟ್ಟಿಯಲ್ಲಿ ನಿಮಗೊಂದು ಸಂಖ್ಯೆ ಇರುತ್ತಿತ್ತು. ಕಚೇರಿಗೆ ಹೋಗಿ, ನನ್ನ ನಂಬರು ಎಲ್ಲಿಗೆ ಬಂತು ಎಂದು ಕೇಳಬಹುದಿತ್ತು. ನಿಮ್ಮ ಕಡೆ ಕೇಬಲ್ ಜೋಡಿ ಖಾಲಿ ಇಲ್ಲದಿದ್ದರೆ ಅರ್ಜಿಯ ಮೇಲೆ ‘ಟಿಎನ್‌ಎಫ್’ ಎಂದು ಬರೆಯುತ್ತಿದ್ದರು. ತಾಂತ್ರಿಕವಾಗಿ ಸಾಧ್ಯವಿಲ್ಲ ಎಂದು ಅದರ ಅರ್ಥ. ಹಾಗೆ ಬರೆದವರೊಬ್ಬ ಅಧಿಕಾರಿ ಇರುತ್ತಿದ್ದರು, ಅವರ ಸಹಿಯೂ ಇರುತ್ತಿತ್ತು.

ಈಗ ಕಾಯುವ ಪಟ್ಟಿಯೇ ಇಲ್ಲ. ಕಂಪನಿಯ ಆ್ಯಪಿನಲ್ಲಿ ವಿಳಾಸ ಹಾಕಿದರೆ ‘ನಿಮ್ಮ ಪ್ರದೇಶದಲ್ಲಿ ಸದ್ಯಕ್ಕೆ ಸೇವೆ ಲಭ್ಯವಿಲ್ಲ’ ಎನ್ನುತ್ತದೆ. ಫೋನು ಮಾಡಿದರೆ, ‘ನಿಮ್ಮ ಏರಿಯಾ ಫೀಸಿಬಲ್ ಇಲ್ಲ ಸಾರ್’ ಎಂದು ಒಬ್ಬ ಹುಡುಗ ಮರ್ಯಾದೆಯಿಂದಲೇ ಹೇಳುತ್ತಾನೆ. ಯಾಕೆ ಇಲ್ಲ, ಯಾವಾಗ ಬರುತ್ತದೆ, ಹಿಂದಿನ ಅಡ್ಡರಸ್ತೆಗೆ ಬಂದದ್ದು ನಮ್ಮ ಅಡ್ಡರಸ್ತೆಗೆ ಯಾಕೆ ಬರಲಿಲ್ಲ ಎಂದರೆ ಅವನಿಗೂ ಗೊತ್ತಿಲ್ಲ. ಅದನ್ನು ನಿರ್ಧರಿಸಿದ್ದು ಇನ್ನೆಲ್ಲೋ ಇರುವ ಒಂದು ನಕ್ಷೆ. ಆ ನಕ್ಷೆ ಹೇಗೆ ತಯಾರಾಗುತ್ತದೆ ಎಂಬುದು ಇಂದಿನ ಮಾತಿನ ವಿಷಯ. ಉದಾಹರಣೆಗೆ ನಾನು ಮುಖ್ಯವಾಗಿ ಹಿಡಿದಿರುವುದು ಅಮೆರಿಕದ ಕಾನ್ಸಾಸ್ ಸಿಟಿಯನ್ನು. ಅಲ್ಲಿ ಒಂದು ಕಂಪನಿ ತನ್ನ ನಕ್ಷೆಯನ್ನು ಆರು ವಾರ ಊರಿಗೆಲ್ಲ ಕಾಣುವಂತೆ ತೆರೆದಿಟ್ಟಿತ್ತು. ಈ ವ್ಯಾಪಾರದಲ್ಲಿ ಅಂಥದ್ದು ಅಪರೂಪ.

ಮೊದಲು ಲೆಕ್ಕ. ಫೈಬರ್ ಎಂದರೆ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ. ಅದೇನೂ ದುಬಾರಿಯಲ್ಲ, ದುಡ್ಡು ಹೋಗುವುದು ಗುಂಡಿಗೆ. ರಸ್ತೆ ಅಗೆಯುವುದು, ಪೈಪು ಹೂಳುವುದು, ಮುಚ್ಚುವುದು, ಡಾಂಬರು ಸರಿಪಡಿಸುವುದು, ಇವಕ್ಕೆಲ್ಲ ಅನುಮತಿ ಪಡೆಯುವುದು, ಇಷ್ಟರಲ್ಲೇ ಬಂಡವಾಳದ ಬಹುಪಾಲು ಮುಗಿಯುತ್ತದೆ. ಕಂಬದ ಮೇಲೆ ಎಳೆದರೆ ಅಗ್ಗ, ಆದರೆ ಕಂಬ ಯಾರದ್ದೆಂಬ ತಕರಾರು ಏಳುತ್ತದೆ. ಇನ್ನು ಒಳಗಿನ ವ್ಯವಸ್ಥೆ ಹೀಗಿದೆ: ಕಂಪನಿಯ ಕೇಂದ್ರದಲ್ಲಿ ಓಎಲ್‌ಟಿ ಎಂಬ ಯಂತ್ರವಿರುತ್ತದೆ. ಅಲ್ಲಿಂದ ಹೊರಟ ಒಂದು ಎಳೆ ಬಡಾವಣೆಯ ಮೂಲೆಯ ಪೆಟ್ಟಿಗೆಗೆ ಬಂದು, ಕರೆಂಟೇ ಬೇಡದ ಸ್ಪ್ಲಿಟರ್‌ನಲ್ಲಿ 32 ಅಥವಾ 64 ಮನೆಗಳಿಗೆ ಒಡೆಯುತ್ತದೆ. ಜೀಪಾನ್ ಎಂಬ ಚಾಲ್ತಿಯ ತಂತ್ರಜ್ಞಾನದಲ್ಲಿ ಆ ಒಂದು ಎಳೆಯಲ್ಲಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಇಳಿಯುತ್ತದೆ, ಅದನ್ನು ಆ ಮನೆಗಳೆಲ್ಲ ಹಂಚಿಕೊಳ್ಳಬೇಕು. ಪ್ರತಿ ಸಲ ಎರಡಾಗಿ ಒಡೆದಾಗಲೂ ಬೆಳಕು ಅರ್ಧವಾಗುತ್ತದೆ, ಆದ್ದರಿಂದ ಎಷ್ಟು ಬೇಕಾದರೂ ಒಡೆಯುತ್ತ ಹೋಗಲಾಗದು. ದೂರಕ್ಕೂ ಮಿತಿ ಉಂಟು, ಸುಮಾರು 20 ಕಿಲೋಮೀಟರು.

32 ಬಾಯಿಯ ಪೆಟ್ಟಿಗೆಯಲ್ಲಿ 25 ತುಂಬಿದರೂ ಐದೇ ತುಂಬಿದರೂ ಅಲ್ಲಿಗೆ ಎಳೆ ತಂದ ಖರ್ಚು ಒಂದೇ. ಹೀಗಾಗಿ ಕಂಪನಿಯವರ ಬಾಯಲ್ಲಿ ಸದಾ ಎರಡು ಲೆಕ್ಕ ಇರುತ್ತದೆ. ‘ಹೋಮ್ ಪಾಸ್’ ಎಷ್ಟು, ಅಂದರೆ ಕೇಬಲ್ ಎಷ್ಟು ಮನೆಗಳ ಮುಂದೆ ಹಾದಿದೆ ಎಂಬುದು ಮೊದಲನೆಯದು. ಅವುಗಳಲ್ಲಿ ಎಷ್ಟು ಮನೆಯವರು ಸಂಪರ್ಕ ತೆಗೆದುಕೊಂಡರು ಎಂಬುದು ಎರಡನೆಯದು. ಮೊದಲನೆಯದು ಬೀದಿಯ ಉದ್ದ, ಮನೆಗಳ ಒತ್ತು, ನೆಲದ ಗಟ್ಟಿತನ ಇವುಗಳ ಮೇಲೆ ನಿಂತಿದೆ. ಟೇಪು ಹಿಡಿದು ಅಳೆಯಬಹುದಾದ ಸಂಗತಿ ಅದು, ಅದರಲ್ಲಿ ಯಾರ ಮೇಲೂ ದ್ವೇಷವಿಲ್ಲ. ಎರಡನೆಯದು ಊಹೆ. ಇನ್ನೂ ಮಾರದ ಸರಕನ್ನು ಈ ಬೀದಿಯವರು ಕೊಳ್ಳುತ್ತಾರೋ ಇಲ್ಲವೋ ಎಂದು ಮೊದಲೇ ಹೇಳಬೇಕು. ಆಗ ಮನೆಗಳ ಬೆಲೆ, ಹಳೆಯ ಬಿಲ್ಲು ಕಟ್ಟಿದ ಚರಿತ್ರೆ, ಬಾಡಿಗೆದಾರರ ಪ್ರಮಾಣ, ಎದುರಾಳಿ ಕಂಪನಿ ಆಗಲೇ ಬಂದಿದೆಯೇ ಎಂಬುದೆಲ್ಲ ಒಳಗೆ ಬರುತ್ತದೆ. ಊಹೆಗೆ ಆಧಾರವಾಗುವುದು ನಿನ್ನೆ. ನಿನ್ನೆ ಏನೂ ಸಿಗದವನು ನಾಳೆಯೂ ಕೇಳುವುದಿಲ್ಲ ಎಂದು ಅಲ್ಲಿ ಬರೆದಿರುತ್ತದೆ.

ಕಾನ್ಸಾಸ್ ಸಿಟಿಗೆ ಬರುತ್ತೇನೆ. 2010ರ ಫೆಬ್ರವರಿಯಲ್ಲಿ ಗೂಗಲ್ ಕಂಪನಿ, ಯಾವುದಾದರೂ ಒಂದು ಊರಿನಲ್ಲಿ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ಫೈಬರ್ ಹಾಕುತ್ತೇವೆ, ಬೇಕಾದವರು ಅರ್ಜಿ ಹಾಕಿ ಎಂದಿತು. ಸುಮಾರು 1,100 ಊರುಗಳು ಅರ್ಜಿ ಹಾಕಿದವು. ಕಾನ್ಸಾಸ್ ರಾಜ್ಯದ ರಾಜಧಾನಿ ಟೊಪೀಕಾ ಆ ಮಾರ್ಚ್ ತಿಂಗಳ ಮಟ್ಟಿಗೆ ತನ್ನ ಹೆಸರನ್ನೇ ‘ಗೂಗಲ್’ ಎಂದು ಬದಲಿಸಿಕೊಂಡಿತು. ಊರಿಗೆ ಊರೇ ಕಂಪನಿಯ ಮುಂದೆ ಹೀಗೆ ವೇಷ ಕಟ್ಟಿ ಕುಣಿದದ್ದನ್ನು ನೋಡಿದರೆ, ಆಯ್ಕೆಯ ಅಧಿಕಾರ ಯಾರ ಕೈಗೆ ಸೇರಿತ್ತೆಂದು ಬೇರೆ ಹೇಳಬೇಕಾಗಿಲ್ಲ. ಇಷ್ಟು ಕುಣಿದರೂ ಟೊಪೀಕಾಗೆ ಸಿಗಲಿಲ್ಲ. 2011ರ ಮಾರ್ಚ್‌ನಲ್ಲಿ ಅದೇ ರಾಜ್ಯದ ಕಾನ್ಸಾಸ್ ಸಿಟಿಯೂ, ಮೇ ತಿಂಗಳಲ್ಲಿ ನದಿಯಾಚೆ ಮಿಸ್ಸೂರಿ ರಾಜ್ಯದಲ್ಲಿರುವ ಅದೇ ಹೆಸರಿನ ದೊಡ್ಡ ನಗರವೂ ಆಯ್ಕೆಯಾದವು. ನಗರಾಡಳಿತಗಳು ಕಂಪನಿಗೆ ಕೆಂಪುಹಾಸು ಹಾಸಿದವು: ಪರವಾನಗಿ ಶುಲ್ಕದಲ್ಲಿ ರಿಯಾಯಿತಿ, ಕಂಬ ಮತ್ತು ಜಾಗಗಳ ಬಳಕೆ, ಕಡತ ಬೇಗ ಸರಿಯಲು ಪ್ರತ್ಯೇಕ ಸಿಬ್ಬಂದಿ.

2012ರ ಜುಲೈ 26ರಂದು ಯೋಜನೆ ಹೊರಬಿತ್ತು. ಎರಡೂ ಊರುಗಳನ್ನು 202 ‘ಫೈಬರ್‌ಹುಡ್’ಗಳಾಗಿ ವಿಂಗಡಿಸಿದ್ದರು. ಪ್ರತಿ ಫೈಬರ್‌ಹುಡ್‌ನಲ್ಲೂ ಇಂತಿಷ್ಟು ಮನೆಯವರು ಹತ್ತು ಡಾಲರ್ ಕಟ್ಟಿ ಮುಂಗಡ ನೋಂದಣಿ ಮಾಡಿಸಬೇಕು. ಮನೆಗಳು ಒತ್ತಾಗಿದ್ದ ಕಡೆ ಶೇ 5 ಸಾಕು, ಚದುರಿದ್ದ ಕಡೆ ಶೇ 25ರವರೆಗೂ ಬೇಕು. ಗುರಿ ಮುಟ್ಟಿದ ಬಡಾವಣೆಗೆ ಕೇಬಲ್, ಮುಟ್ಟದ್ದಕ್ಕೆ ಇಲ್ಲ. ತಿಂಗಳಿಗೆ 70 ಡಾಲರಿಗೆ ಒಂದು ಗಿಗಾಬಿಟ್, 120 ಡಾಲರಿಗೆ ಟೀವಿಯೂ ಸೇರಿ. ಇನ್ನೊಂದು ಬಗೆಯಲ್ಲಿ, ಮನೆಗೆ ಎಳೆ ತರುವ ಖರ್ಚೆಂದು 300 ಡಾಲರ್ ಕಟ್ಟಿದರೆ ಕನಿಷ್ಠ ಏಳು ವರ್ಷ ಸಾಧಾರಣ ವೇಗದ ಇಂಟರ್ನೆಟ್ ಉಚಿತ. ಆ 300 ಡಾಲರನ್ನು ತಿಂಗಳಿಗೆ 25ರಂತೆ ಕಂತಿನಲ್ಲೂ ಕಟ್ಟಬಹುದಿತ್ತು. ಗಡುವು ಸೆಪ್ಟೆಂಬರ್ 9.

ಮೇಲುನೋಟಕ್ಕೆ ಇದಕ್ಕಿಂತ ನ್ಯಾಯವಾದದ್ದು ಏನಿದೆ? ಶಿಫಾರಸಿಲ್ಲ, ಲಂಚವಿಲ್ಲ. ಬೇಕೆಂದವರು ಕೈ ಎತ್ತಿ, ನಾವು ಬರುತ್ತೇವೆ. ಗುರಿ ಮುಟ್ಟಿದ ಬಡಾವಣೆ ನಕ್ಷೆಯಲ್ಲಿ ಹಸಿರಾಗುತ್ತಿತ್ತು, ಮುಟ್ಟದ್ದು ಹಳದಿಯಾಗಿ ಉಳಿಯುತ್ತಿತ್ತು. ದಿನದಿನಕ್ಕೂ ಯಾರು ಬೇಕಾದರೂ ನೋಡಬಹುದಿತ್ತು. ಕೆಲವೇ ವಾರಗಳಲ್ಲಿ ಆ ನಕ್ಷೆಯ ನಡುವೆ ತೆಂಕಣಕ್ಕೂ ಬಡಗಣಕ್ಕೂ ಗೆರೆ ಕೊರೆದಂತೆ ಒಂದು ಗಡಿ ಎದ್ದಿತು. ಗಡಿಯ ಪಶ್ಚಿಮಕ್ಕೆ ಹಸಿರು, ಪೂರ್ವಕ್ಕೆ ಹಳದಿ. ಆ ಗಡಿಯ ಹೆಸರು ಟ್ರೂಸ್ಟ್ ಅವೆನ್ಯೂ.

ಕಾನ್ಸಾಸ್ ಸಿಟಿಯಲ್ಲಿ ಟ್ರೂಸ್ಟ್ ಎಂದರೆ ಬರೀ ರಸ್ತೆಯಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದರ ಪೂರ್ವಕ್ಕೆ ಕಪ್ಪು ಜನ, ಪಶ್ಚಿಮಕ್ಕೆ ಬಿಳಿ ಜನ. ಇದು ತಾನಾಗಿ ಆದದ್ದಲ್ಲ. ಪಶ್ಚಿಮದ ಕಡೆ ಚೆಂದದ ಬಡಾವಣೆಗಳನ್ನು ಕಟ್ಟಿದ ಜೆ.ಸಿ. ನಿಕೋಲ್ಸ್ ಎಂಬ ಉದ್ಯಮಿ, ಆ ಮನೆಗಳನ್ನು ಕಪ್ಪು ಜನರಿಗೆ ಮಾರಬಾರದು, ಬಾಡಿಗೆಗೂ ಕೊಡಬಾರದು ಎಂಬ ಷರತ್ತನ್ನು ಕ್ರಯಪತ್ರದೊಳಗೇ ಬರೆಸುತ್ತಿದ್ದ. ಅಂಥ ಷರತ್ತನ್ನು ನ್ಯಾಯಾಲಯಗಳು ಜಾರಿಗೊಳಿಸಕೂಡದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಅಷ್ಟರಲ್ಲಿ ಸರ್ಕಾರವೂ ಕೈಜೋಡಿಸಿತ್ತು. ಗೃಹಸಾಲಕ್ಕೆಂದು 1933ರಲ್ಲಿ ಹುಟ್ಟಿದ ಒಂದು ಕೇಂದ್ರ ನಿಗಮ ದೇಶದ ದೊಡ್ಡ ಊರುಗಳ ನಕ್ಷೆಗಳಿಗೆ ಬಣ್ಣ ಹಚ್ಚಿಸಿತು: ಹಸಿರು ಎಂದರೆ ಉತ್ತಮ, ನಂತರ ನೀಲಿ, ಹಳದಿ, ಕೊನೆಗೆ ಕೆಂಪು. ಕಪ್ಪು ಜನ ಇದ್ದ ಕಡೆಗೆಲ್ಲ ಹೆಚ್ಚುಕಡಿಮೆ ಕೆಂಪೇ. ಕೆಂಪು ಬಿದ್ದಲ್ಲಿ ಸಾಲ ಹುಟ್ಟಲಿಲ್ಲ. ಸಾಲವಿಲ್ಲದೆ ಮನೆ ದುರಸ್ತಿಯಾಗಲಿಲ್ಲ, ಮನೆಯ ಬೆಲೆ ಏರಲಿಲ್ಲ, ಏರದ ಕಾರಣ ಆಸ್ತಿ ತೆರಿಗೆಯೂ ಶಾಲೆಯೂ ಸೊರಗಿದವು. ‘ರೆಡ್‌ಲೈನಿಂಗ್’ ಎಂದು ಇಂದಿಗೂ ಕರೆಯುವುದು ಇದನ್ನೇ. ಟ್ರೂಸ್ಟ್ ರಸ್ತೆಯನ್ನು ಶಾಲೆಗಳ ವ್ಯಾಪ್ತಿಯ ಗಡಿಯಾಗಿಯೂ ಬಹಳ ಕಾಲ ಬಳಸಿದರು.

2012ರಲ್ಲಿ ಗೂಗಲ್‌ನ ಯಾವ ಎಂಜಿನಿಯರೂ ಈ ಹಳೆಯ ನಕ್ಷೆಯನ್ನು ಮುಂದಿಟ್ಟುಕೊಂಡು ಕೂತಿರಲಿಲ್ಲ. ಅವರು ಕೇಳಿದ್ದು ಎರಡೇ: ಹತ್ತು ಡಾಲರ್ ಮತ್ತು ಆಸಕ್ತಿ. ಆದರೆ ಆ ಹತ್ತು ಡಾಲರ್ ಕಟ್ಟಬೇಕಾದದ್ದು ಆನ್‌ಲೈನಿನಲ್ಲಿ, ಕಾರ್ಡಿನಿಂದ, ಗೂಗಲ್ ಖಾತೆಯ ಮೂಲಕ. ಇಂಟರ್ನೆಟ್ ಇಲ್ಲದವರು ಇಂಟರ್ನೆಟ್ ಬೇಕೆಂದು ಹೇಳಲು ಇಂಟರ್ನೆಟ್ಟಿಗೆ ಹೋಗಬೇಕು. ಕಾರ್ಡಿಲ್ಲದವರ ಮಾತಂತೂ ಬಿಡಿ. ಬಾಡಿಗೆ ಮನೆಯವರಿಗೆ ಇನ್ನೊಂದು ತೊಡಕು: ಅಪಾರ್ಟ್‌ಮೆಂಟಿಗೆ ಎಳೆ ಬರಬೇಕಾದರೆ ಮಾಲೀಕ ಒಪ್ಪಬೇಕು, ಮನೆಯೊಂದಕ್ಕೆ 300 ಡಾಲರಿನ ಲೆಕ್ಕವನ್ನು ಯಾರಾದರೂ ಹೊರಬೇಕು. ಆರು ತಿಂಗಳಿಗೊಮ್ಮೆ ಬಾಡಿಗೆದಾರ ಬದಲಾಗುವ ಕಟ್ಟಡದ ಮಾಲೀಕನಿಗೆ ಅದರ ಉಸಾಬರಿ ಏಕೆ ಬೇಕು?

ಕಣ್ಣಿಗೆ ಬೀಳದ ಇನ್ನೊಂದು ಸಂಗತಿಯೂ ಇತ್ತು. ಗುರಿ ಮುಟ್ಟಿದ ಫೈಬರ್‌ಹುಡ್‌ನ ಶಾಲೆ, ಗ್ರಂಥಾಲಯ, ಸಮುದಾಯ ಕೇಂದ್ರಗಳಿಗೆ ಕಂಪನಿ ಉಚಿತ ಸಂಪರ್ಕ ಕೊಡುತ್ತಿತ್ತು. ಮುಟ್ಟದಿದ್ದರೆ ಅವಕ್ಕೂ ಇಲ್ಲ. ಮನೆಯಲ್ಲಿ ಇಂಟರ್ನೆಟ್ ಇಲ್ಲದ ಮಗು ಹೋಗುವುದು ಗ್ರಂಥಾಲಯಕ್ಕೆ. ಆ ಮಗುವಿನ ಬೀದಿಯವರು ಹತ್ತು ಡಾಲರ್ ಕಟ್ಟಲಿಲ್ಲವೆಂದು ಆ ಗ್ರಂಥಾಲಯಕ್ಕೂ ಕೇಬಲ್ ಬರುವಂತಿಲ್ಲ. ದುರುದ್ದೇಶದಿಂದ ಮಾಡಿದ ನಿಯಮ ಇದಲ್ಲ ಎಂದೇ ನನ್ನ ಭಾವನೆ. ಯಾರೋ ಉತ್ಸಾಹಿ ತರುಣರು, ನೆರೆಹೊರೆಯವರೆಲ್ಲ ಸೇರಿ ಹುರುಪಿನಿಂದ ಪೈಪೋಟಿ ನಡೆಸಲಿ ಎಂದು ಮಾಡಿದ್ದು. ಪೈಪೋಟಿ ಎಲ್ಲಿ ಶುರುವಾಗುತ್ತದೆ, ಯಾರು ಎಷ್ಟು ಹಿಂದೆ ನಿಂತಿದ್ದಾರೆ ಎಂದು ಅವರು ನೋಡಲಿಲ್ಲ, ಅಷ್ಟೆ.

ನಕ್ಷೆ ಬಹಿರಂಗವಾಗಿದ್ದರಿಂದ ಊರು ಎಚ್ಚೆತ್ತಿತು. ಪತ್ರಿಕೆಗಳು ಬರೆದವು. ಶಿಕ್ಷಕರು, ಗ್ರಂಥಪಾಲಕರು, ಚರ್ಚಿನವರು, ಸ್ವಯಂಸೇವಕರು ಲ್ಯಾಪ್‌ಟಾಪ್ ಹಿಡಿದು ಟ್ರೂಸ್ಟ್‌ನ ಪೂರ್ವದಲ್ಲಿ ಮನೆಮನೆ ಬಾಗಿಲು ತಟ್ಟಿದರು. ಕಟ್ಟಲಾಗದವರ ಹತ್ತು ಡಾಲರಿಗೆ ದೇಣಿಗೆ ಎತ್ತಿದರು. ಕಂಪನಿಯೂ ಆ ಬೀದಿಗಳಿಗೆ ಜನ ಕಳಿಸಿತು, ಐಸ್‌ಕ್ರೀಂ ಗಾಡಿಯನ್ನೂ ಓಡಿಸಿತು. ಗಡುವು ಮುಗಿಯುವ ಹೊತ್ತಿಗೆ 202ರಲ್ಲಿ 180 ಬಡಾವಣೆಗಳು ಗುರಿ ಮುಟ್ಟಿದ್ದವು. ಕಂಪನಿ ಇದನ್ನು ತನ್ನ ವಿಧಾನದ ಗೆಲುವೆಂದಿತು. ನನಗೆ ಕಾಣುವುದೇ ಬೇರೆ. ‘ಬೇಡಿಕೆ ಇಲ್ಲ’ ಎಂದು ಲೆಕ್ಕ ಹೇಳಿದ್ದ ಬೀದಿಗಳಲ್ಲಿ, ಯಾರಾದರೂ ಬಾಗಿಲಿಗೆ ಹೋಗಿ ಕೇಳಿದಾಗ ಬೇಡಿಕೆ ಇತ್ತು.

ಆದರೆ ಕಥೆ ಅಲ್ಲಿಗೇ ನಿಲ್ಲಲಿಲ್ಲ. 2014ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಮಾಡಿಸಿದ ಸಮೀಕ್ಷೆಯ ಪ್ರಕಾರ, ಬಡವರೇ ಹೆಚ್ಚಿದ್ದ ಆರು ಬಡಾವಣೆಗಳಲ್ಲಿ ಹಣ ಕೊಟ್ಟು ಗೂಗಲ್ ಫೈಬರ್ ತೆಗೆದುಕೊಂಡವರು ಸುಮಾರು ಶೇ 10. ಅನುಕೂಲಸ್ಥರ ಬಡಾವಣೆಗಳಲ್ಲಿ ಅದು ಶೇ 42ರಷ್ಟಿತ್ತು. ಕೇಬಲ್ ಬಾಗಿಲಿಗೆ ಬಂದ ಮೇಲೂ 70 ಡಾಲರ್ 70 ಡಾಲರೇ. ಕಂಪನಿಗಳು ಇಂಥ ಅಂಕಿಯನ್ನು ಹಿಡಿದು, ನೋಡಿ, ಹಾಕಿದರೂ ತೆಗೆದುಕೊಳ್ಳುವುದಿಲ್ಲ ಎನ್ನುತ್ತವೆ. ಅಲ್ಲಿಗೆ ಆ ಬಡಾವಣೆಯ ನಿನ್ನೆಗೆ ಇನ್ನೊಂದು ವರ್ಷ ಸೇರಿತು. 2016ರಲ್ಲಿ ಗೂಗಲ್ ಆ ಊರಿನಲ್ಲಿ ಹೊಸಬರಿಗೆ ಉಚಿತ ಯೋಜನೆ ಕೊಡುವುದನ್ನು ನಿಲ್ಲಿಸಿತು, ಅದೇ ಅಕ್ಟೋಬರ್‌ನಲ್ಲಿ ಹೊಸ ಊರುಗಳಿಗೆ ಹೋಗುವ ಯೋಜನೆಗಳನ್ನೂ ತಡೆಹಿಡಿಯಿತು. ಲೂಯಿವಿಲ್ ನಗರದಲ್ಲಂತೂ ರಸ್ತೆಯನ್ನು ಎರಡೇ ಅಂಗುಲ ಕೊರೆದು ಎಳೆ ಕೂರಿಸಲು ಹೋಗಿ, ಎಳೆ ಮೇಲೆದ್ದು ಬಂದು, 2019ರಲ್ಲಿ ಊರನ್ನೇ ಬಿಟ್ಟಿತು. ಹೋಗುವಾಗ ರಸ್ತೆ ಸರಿಪಡಿಸಲೆಂದು ನಗರಕ್ಕೆ 38 ಲಕ್ಷ ಡಾಲರಿಗೂ ಹೆಚ್ಚು ಕಟ್ಟಿತು. ಗುಂಡಿಯ ಖರ್ಚು ಉಳಿಸಲು ಹೋದವರ ಪಾಡು ಅದು.

ಅಮೆರಿಕದಲ್ಲಿ ಹಿಂದೆ ಪದ್ಧತಿ ಬೇರೆ ಇತ್ತು. ಕೇಬಲ್ ಟೀವಿ ಬಂದ ಕಾಲದಲ್ಲಿ ನಗರಾಡಳಿತದಿಂದ ಪರವಾನಗಿ ಪಡೆಯದೆ ಬೀದಿಗೆ ಕೇಬಲ್ ಹಾಕುವಂತಿರಲಿಲ್ಲ. ನಗರಗಳು ಅದನ್ನು ಚೌಕಾಸಿಗೆ ಬಳಸಿದವು: ನಮ್ಮ ರಸ್ತೆ ಬೇಕಾದರೆ ಊರಿಗೆಲ್ಲ ಕೊಡು. ಪ್ರದೇಶದ ಜನರ ಆದಾಯ ಕಡಿಮೆ ಎಂಬ ಕಾರಣಕ್ಕೆ ಕೇಬಲ್ ನಿರಾಕರಿಸಬಾರದೆಂದು 1984ರ ಕೇಂದ್ರ ಕಾಯ್ದೆಯೇ ಹೇಳಿತು. ಆದರೆ ಇಂಟರ್ನೆಟ್ ಬರುವ ವೇಳೆಗೆ, ಷರತ್ತು ಹಾಕಿದರೆ ಪೈಪೋಟಿಗೆ ತಡೆಯಾಗುತ್ತದೆ ಎಂಬ ವಾದ ಗೆಲ್ಲತೊಡಗಿತು. ಕಾನ್ಸಾಸ್ ಸಿಟಿಯಲ್ಲಿ ಬಡಾವಣೆಯನ್ನು ಆರಿಸುವ ಹಕ್ಕು ಕಂಪನಿಗೆ ಸಿಕ್ಕಿದ್ದು ಆ ಗಾಳಿಯಲ್ಲೇ.

ಷರತ್ತು ಉಳಿಸಿಕೊಂಡ ಊರೂ ಇತ್ತು. 2008ರಲ್ಲಿ ನ್ಯೂಯಾರ್ಕ್ ನಗರ ವೆರೈಜನ್ ಕಂಪನಿಗೆ ಪರವಾನಗಿ ಕೊಡುವಾಗ, 2014ರ ಜೂನ್ ಮುಗಿಯುವುದರೊಳಗೆ ನಗರದ ಎಲ್ಲ ಮನೆಗಳಿಗೂ ಫೈಬರ್ ಹಾಯಿಸಬೇಕೆಂದು ಬರೆಸಿಕೊಂಡಿತು. ಗಡುವು ಮುಗಿಯಿತು, ಹಾಯಿಸಿದ್ದೇವೆ ಎಂದು ಕಂಪನಿ ಹೇಳಿತು. ಜನ ಅರ್ಜಿ ಹಾಕಿದರೆ ಮಾತ್ರ, ನಿಮ್ಮ ಕಟ್ಟಡಕ್ಕೆ ಇಲ್ಲ ಎಂಬ ಉತ್ತರ. 2015ರಲ್ಲಿ ನಗರ ಲೆಕ್ಕಪರಿಶೋಧನೆ ನಡೆಸಿ ಮಾತು ತಪ್ಪಿದ್ದೀರಿ ಎಂದಿತು, 2017ರಲ್ಲಿ ಕೋರ್ಟಿಗೆ ಹೋಯಿತು. ಅಲ್ಲಿ ಜಗಳ ನಿಂತದ್ದು ಇಷ್ಟರ ಮೇಲೆ: ಹಳೆಯ ಟೆಲಿಫೋನ್ ತಂತಿಯ ಜಾಡಿನಲ್ಲಿ, ಎಲ್ಲೋ ಆ ಬ್ಲಾಕಿನ ಹಿಂದೆ ಎಳೆ ಹೋಗಿದ್ದರೆ ಸಾಕು, ಅದೇ ಹಾಯಿಸಿದಂತೆ ಎಂದು ಕಂಪನಿ, ಕಟ್ಟಡದ ಮುಂದೆ ಬಂದು, ಕೇಳಿದ ಕೂಡಲೇ ಜೋಡಿಸುವಂತಿರಬೇಕು ಎಂದು ನಗರ. ಮಾಲೀಕರು ಒಳಗೆ ಬಿಡುವುದಿಲ್ಲ ಎಂಬ ದೂರು ಬೇರೆ. ನಾನು ಆಗಲೇ ಹೇಳಿದ ಹೋಮ್ ಪಾಸ್ ಲೆಕ್ಕ ಇದೇ. ಕಂಪನಿಯ ವಾರ್ಷಿಕ ವರದಿಯಲ್ಲಿ ಚೆಂದ ಕಾಣುವ ಆ ಅಂಕಿಯಲ್ಲಿ ಎಷ್ಟು ಮನೆಗಳು ಹೀಗೆ ಹಿತ್ತಲಿನಲ್ಲಿ ಕೇಬಲ್ ಹಾದುಹೋದವೋ! 2020ರ ನವೆಂಬರ್‌ನಲ್ಲಿ ರಾಜಿಯಾಯಿತು. 2023ರ ಜುಲೈ ಒಳಗೆ ಇನ್ನೂ ಐದು ಲಕ್ಷ ಮನೆಗಳಿಗೆ, ಅದರಲ್ಲೂ ಹಿಂದುಳಿದ ಪ್ರದೇಶಗಳಿಗೆ ಮೊದಲು ಕೊಡಬೇಕೆಂದು ಕಂಪನಿ ಒಪ್ಪಿತು. ಒಂಬತ್ತು ವರ್ಷ ತಡವಾದರೂ ಐದು ಲಕ್ಷ ಮನೆ. 2008ರಲ್ಲಿ ಬರೆಸಿಕೊಂಡ ಒಂದು ವಾಕ್ಯ ಇಲ್ಲದಿದ್ದರೆ ಕೋರ್ಟಿಗೆ ಹೋಗಲು ನಗರದ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಕ್ಲೀವ್‌ಲ್ಯಾಂಡ್ ನಗರದ್ದು ಇನ್ನೂ ಸೂಕ್ಷ್ಮ. 2017ರ ಮಾರ್ಚ್‌ನಲ್ಲಿ ಎರಡು ನಾಗರಿಕ ಸಂಸ್ಥೆಗಳು, ಎಟಿ ಆ್ಯಂಡ್ ಟಿ ಕಂಪನಿಯೇ ಸರ್ಕಾರಕ್ಕೆ ಸಲ್ಲಿಸಿದ್ದ ಅಂಕಿಗಳನ್ನು ನಕ್ಷೆಯ ಮೇಲೆ ಇಟ್ಟು ನೋಡಿದವು. ಬಡತನ ಹೆಚ್ಚಿದ್ದ ಬ್ಲಾಕುಗಳಲ್ಲಿ ಬಹುಪಾಲಿನಲ್ಲಿ ಕಂಪನಿ ತನ್ನ ಜಾಲವನ್ನು ಮೇಲ್ದರ್ಜೆಗೆ ಏರಿಸಿಯೇ ಇರಲಿಲ್ಲ, ಹಳೆಯ ತಾಮ್ರದ ತಂತಿಯೇ ಅಲ್ಲಿ ಗತಿ. ಇದಕ್ಕೂ ಮೊದಲು ಒಂದು ತಮಾಷೆ ನಡೆದಿತ್ತು, ನಗು ಬರದ ತಮಾಷೆ. ಡೈರೆಕ್‌ಟೀವಿ ಎಂಬ ಕಂಪನಿಯನ್ನು ಕೊಳ್ಳಲು ಅನುಮತಿ ಪಡೆಯುವಾಗ ಎಟಿ ಆ್ಯಂಡ್ ಟಿ, ಬಡ ಕುಟುಂಬಗಳಿಗೆ ತಿಂಗಳಿಗೆ ಐದೋ ಹತ್ತೋ ಡಾಲರಿಗೆ ಇಂಟರ್ನೆಟ್ ಕೊಡುತ್ತೇನೆಂದು ಒಪ್ಪಿಕೊಂಡಿತ್ತು. 2016ರಲ್ಲಿ ಯೋಜನೆ ಶುರುವಾಯಿತು. ಅರ್ಜಿ ಹಾಕಿದ ಅನೇಕರಿಗೆ ಸಿಕ್ಕ ಉತ್ತರ: ನಿಮ್ಮ ಮನೆಗೆ 3 ಮೆಗಾಬಿಟ್ ವೇಗವೂ ಬರುವುದಿಲ್ಲ, ಆದ್ದರಿಂದ ನೀವು ಅರ್ಹರಲ್ಲ. ತಂತಿ ಹಳೆಯದಾದ್ದರಿಂದ ವೇಗವಿಲ್ಲ, ವೇಗವಿಲ್ಲದ್ದರಿಂದ ರಿಯಾಯಿತಿಯಿಲ್ಲ. ಪ್ರತಿಭಟನೆಯಾದ ಮೇಲೆ ಕಂಪನಿ ಆ ನಿಯಮ ಬದಲಿಸಿತು.

2022ರಲ್ಲಿ ‘ದಿ ಮಾರ್ಕಪ್’ ಎಂಬ ಸುದ್ದಿಸಂಸ್ಥೆ ಅಮೆರಿಕದ 38 ನಗರಗಳಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ವಿಳಾಸಗಳಿಗೆ ನಾಲ್ಕು ಕಂಪನಿಗಳು ಮುಂದಿಟ್ಟ ದರಪಟ್ಟಿಯನ್ನು ಪರಿಶೀಲಿಸಿತು. ಅದೇ ಊರು, ಅದೇ ಕಂಪನಿ, ಅದೇ ಮಾಸಿಕ ಶುಲ್ಕ. ಒಂದು ಬಡಾವಣೆಗೆ ನೂರಾರು ಮೆಗಾಬಿಟ್, ಇನ್ನೊಂದಕ್ಕೆ ಬೆರಳಲ್ಲಿ ಎಣಿಸುವಷ್ಟು. ಕೆಟ್ಟ ವೇಗ ಎಲ್ಲಿ ಬಿತ್ತೆಂದು ನೋಡಿದರೆ ಹಲವು ಊರುಗಳಲ್ಲಿ 1930ರ ದಶಕದ ಕೆಂಪು ಬಣ್ಣವೇ ಮತ್ತೆ ಕಂಡಿತು. 2023ರ ನವೆಂಬರ್‌ನಲ್ಲಿ ಅಲ್ಲಿನ ಸಂವಹನ ಆಯೋಗ ಒಂದು ನಿಯಮ ತಂದಿತು: ಉದ್ದೇಶ ಏನೇ ಇರಲಿ, ಪರಿಣಾಮದಲ್ಲಿ ತಾರತಮ್ಯವಾದರೂ ಅದನ್ನು ಪ್ರಶ್ನಿಸಬಹುದು. ಕಂಪನಿಗಳು ಕೋರ್ಟಿಗೆ ಹೋದವು. ಅವುಗಳ ವಾದವನ್ನು ತಳ್ಳಿಹಾಕಲಾಗದು. ಲಾಭವಿಲ್ಲದ ಬೀದಿಗೆ ಬಂಡವಾಳ ಹಾಕು ಎಂದು ಖಾಸಗಿಯವನನ್ನು ಬಲವಂತ ಮಾಡಿದರೆ ಅವನು ಲಾಭವಿರುವ ಬೀದಿಗೂ ಬಾರದೆ ಇರಬಹುದು. ಸರಿ. ಆದರೆ ಆ ಬೀದಿಗೆ ಲಾಭವಿಲ್ಲ ಎಂದು ಯಾರು, ಯಾವ ಅಂಕಿಯಿಂದ ನಿರ್ಧರಿಸಿದರು ಎಂದು ಕೇಳುವುದು ಬಲವಂತವಲ್ಲ.

ಇದರ ಎದುರಿಗೆ ಚಟನೂಗ. ಟೆನೆಸಿ ರಾಜ್ಯದ ಆ ಊರಿನಲ್ಲಿ ಫೈಬರ್ ಹಾಕಿದ್ದು ನಗರದ ಒಡೆತನದ ವಿದ್ಯುತ್ ಸಂಸ್ಥೆ, ಅಂದರೆ ನಮ್ಮ ಬೆಸ್ಕಾಂ ಥರದ್ದು. ಕರೆಂಟಿನ ಜಾಲವನ್ನು ಜಾಣಗೊಳಿಸಲು ಹೇಗೂ ಅದರ ಉದ್ದಗಲಕ್ಕೂ ಎಳೆ ಬೇಕಿತ್ತು. ಕೇಂದ್ರ ಸರ್ಕಾರದ 11 ಕೋಟಿ ಡಾಲರಿಗೂ ಮಿಕ್ಕ ಅನುದಾನ ಬಂತು. 2010ರಲ್ಲಿ ಸುಮಾರು 600 ಚದರ ಮೈಲಿಯ ತನ್ನ ಇಡೀ ವ್ಯಾಪ್ತಿಯಲ್ಲಿ ಒಂದು ಗಿಗಾಬಿಟ್ ಕೊಡುತ್ತೇನೆಂದು ಅದು ಹೇಳಿತು, ಗೂಗಲ್‌ಗೂ ಮೊದಲು. ಅಲ್ಲಿ ಬಡಾವಣೆ ಆರಿಸುವ ಪ್ರಶ್ನೆಯೇ ಏಳಲಿಲ್ಲ. ಕರೆಂಟಿದ್ದ ಮನೆಗೆಲ್ಲ ಎಳೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಬಡ ಕುಟುಂಬಗಳ ಸುಮಾರು 28,000 ವಿದ್ಯಾರ್ಥಿಗಳಿಗೆ ಉಚಿತ ಸಂಪರ್ಕ ಕೊಡುವ ಯೋಜನೆ ಹಾಕಿಕೊಂಡಿದ್ದೂ ಅದೇ ಊರು. ಎಳೆ ಆಗಲೇ ಬೀದಿಯಲ್ಲಿ ಇದ್ದದ್ದರಿಂದ ಅದು ಸಾಧ್ಯವಾಯಿತು. ಅದರ ಪಕ್ಕದ ಹಳ್ಳಿಗಳವರು ನಮಗೂ ಕೊಡಿ ಎಂದರೆ, ವಿದ್ಯುತ್ ವ್ಯಾಪ್ತಿಯ ಆಚೆಗೆ ಕೊಡಕೂಡದೆಂದು ರಾಜ್ಯದ ಕಾನೂನು ತಡೆಯಿತು.

ಈಗ ನಮ್ಮ ಕಡೆ. ಇಲ್ಲಿ ಹಳೆಯ ಕೆಂಪು ನಕ್ಷೆ ಇಲ್ಲ, ಟ್ರೂಸ್ಟ್ ರಸ್ತೆಯನ್ನು ಹಾಗೇ ತಂದು ಬೆಂಗಳೂರಿನ ಮೇಲೆ ಹಾಸಿದರೆ ಅದು ಸುಳ್ಳಾಗುತ್ತದೆ. ಕಾನ್ಸಾಸ್ ಸಿಟಿಯ ಬಡ ಬಡಾವಣೆಯಲ್ಲಿ ಪಾಳುಬಿದ್ದ ಮನೆಗಳು, ಖಾಲಿ ನಿವೇಶನಗಳು. ಅಗೆಯುವ ಖರ್ಚಿಗೆ ಅವೂ ಸೇರುತ್ತವೆ, ಆದಾಯಕ್ಕೆ ಸೇರುವುದಿಲ್ಲ. ಬೆಂಗಳೂರಿನ ಬಡ ಬಡಾವಣೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಮನೆಗಳು. ಒತ್ತು ಇದ್ದಲ್ಲಿ ಸಣ್ಣ ಕೇಬಲ್ ಆಪರೇಟರ್ ಬದುಕುತ್ತಾನೆ. ಟೀವಿ ಕೇಬಲ್ ಎಳೆದ ಅದೇ ಹುಡುಗ ಅದೇ ಏಣಿ ಹಿಡಿದು ಫೈಬರ್ ಎಳೆಯುತ್ತಾನೆ, ಕಂಬದಿಂದ ಕಂಬಕ್ಕೆ, ಕಂಬವಿಲ್ಲದ ಕಡೆ ಮರದಿಂದ ಮರಕ್ಕೆ, ಮೂರನೆಯ ಮಹಡಿಯ ಬಾಲ್ಕನಿಯಿಂದ ಎದುರುಮನೆಯ ನೀರಿನ ಟ್ಯಾಂಕಿಗೆ. ಪಾಲಿಕೆಯವರೋ ಬೆಸ್ಕಾಂನವರೋ ಆಗಾಗ ಬಂದು ಕತ್ತರಿಸಿ ಹಾಕುತ್ತಾರೆ, ಎರಡು ದಿನ ಬಿಟ್ಟು ಮತ್ತೆ ಎಳೆಯುತ್ತಾರೆ. ದೊಡ್ಡ ಕಂಪನಿಗಳಿಗೂ ಕೊನೆಯ ಆ ಐವತ್ತು ಅಡಿಗೆ ಇವರೇ ಬೇಕು. 2018ರಲ್ಲಿ ರಿಲಯನ್ಸ್, ಡೆನ್ ಮತ್ತು ಹ್ಯಾಥ್‌ವೇ ಎಂಬ ಕೇಬಲ್ ಕಂಪನಿಗಳಲ್ಲಿ ಬಹುಪಾಲು ಷೇರು ಕೊಳ್ಳಲು ಮುಂದಾಗಿ, ಮರುವರ್ಷ ಸೆಪ್ಟೆಂಬರ್‌ನಲ್ಲಿ ಜಿಯೋ ಫೈಬರ್ ಶುರು ಮಾಡಿದ್ದರ ಹಿಂದಿನ ಲೆಕ್ಕವೂ ಅದೇ.

ದೊಡ್ಡವರು ತಾವೇ ಮೊದಲು ಓಡುವುದು ಅಪಾರ್ಟ್‌ಮೆಂಟಿನತ್ತ. ಅಸೋಸಿಯೇಷನ್ನಿನ ಒಂದು ಅನುಮತಿ, ಮೆಟ್ಟಿಲ ಪಕ್ಕದ ಒಂದು ಡಕ್ಟು, 400 ಮನೆ. ಅಷ್ಟೇ ಮನೆಗಳನ್ನು ಒಂಟಿಮನೆಗಳ ಬಡಾವಣೆಯಲ್ಲಿ ಹಿಡಿಯಲು ಎಷ್ಟು ಬೀದಿ ಸುತ್ತಬೇಕು! ಕೆಲವು ಅಸೋಸಿಯೇಷನ್ನುಗಳು ಒಂದೇ ಕಂಪನಿಗೆ ಬಾಗಿಲು ತೆರೆದು, ಅದಕ್ಕೆ ಹಣವನ್ನೂ ಪಡೆದು, ಮಿಕ್ಕವರನ್ನು ಗೇಟಿನಲ್ಲೇ ನಿಲ್ಲಿಸುತ್ತವೆ. ಇನ್ನು ವಿಠಲ ಮಲ್ಯ ರಸ್ತೆ, ಕನಿಂಗ್‌ಹ್ಯಾಂ ರಸ್ತೆಯಂಥ, ಟೆಂಡರ್‌ಶ್ಯೂರ್ ಯೋಜನೆಯ ರಸ್ತೆಗಳಲ್ಲಿ ಪಾದಚಾರಿ ಮಾರ್ಗದ ಕೆಳಗೆ ಕೇಬಲ್‌ಗೆಂದೇ ಪೈಪು ಹೂತಿಟ್ಟಿದ್ದಾರೆ. ಗುಂಡಿಯ ಖರ್ಚನ್ನು ನಾವೆಲ್ಲ ತೆರಿಗೆಯಲ್ಲಿ ಕಟ್ಟಿದ್ದೇವೆ. ಅದು ಅತಿ ಹೆಚ್ಚು ಬೇಕಿದ್ದ ರಸ್ತೆಗಳಲ್ಲಿ ಆಗಿದೆಯೇ ಎಂದು ಯೋಚಿಸಿ.

ನಮ್ಮ ಟ್ರೂಸ್ಟ್ ಇರುವುದು ಘಟ್ಟದ ಕಡೆ. ತೀರ್ಥಹಳ್ಳಿ, ಹೊಸನಗರ, ಸಿದ್ದಾಪುರ, ಸುಳ್ಯದ ಊರುಗಳಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಅರ್ಧ ಕಿಲೋಮೀಟರು, ನಡುವೆ ತೋಟ, ಹಳ್ಳ, ಕಾಡು. ಯಾವ ಲೆಕ್ಕದಲ್ಲೂ ಅಲ್ಲಿ ಹೋಮ್ ಪಾಸ್ ಗಿಟ್ಟುವುದಿಲ್ಲ. 2020 ಮತ್ತು 2021ರ ಮಳೆಗಾಲದಲ್ಲಿ ಮಕ್ಕಳು ಆನ್‌ಲೈನ್ ಪಾಠಕ್ಕೆ ಸಿಗ್ನಲ್ಲಿಗಾಗಿ ಗುಡ್ಡದ ಮೇಲೆ ಕೊಡೆ ಹಿಡಿದು ಕೂತ ಚಿತ್ರಗಳನ್ನು ನೀವೆಲ್ಲ ಪತ್ರಿಕೆಗಳಲ್ಲಿ ನೋಡಿದ್ದೀರಿ. ತೀರ್ಥಹಳ್ಳಿ ಕಡೆಯ ಒಂದು ಊರಿನಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಹನ್ನೆರಡು ಮನೆಯವರು ಸೇರಿ ಕೇಬಲ್ಲಿನ ಖರ್ಚನ್ನು ತಾವೇ ಹಂಚಿಕೊಂಡು, ಪೇಟೆಯ ಒಬ್ಬ ಆಪರೇಟರನ್ನು ಒಪ್ಪಿಸಿ ಬಿಎಸ್‌ಎನ್‌ಎಲ್ ಫೈಬರ್ ತರಿಸಿಕೊಂಡಿದ್ದರು. ಎಳೆ ಬಂದದ್ದು ರಸ್ತೆಬದಿಯ ಹಲಸು, ನಂದಿ, ಮತ್ತಿ ಮರಗಳ ಮೇಲೆ, ಕೊನೆಗೆ ಅಡಿಕೆ ಮರಗಳಿಗೆ ಕಟ್ಟಿಕೊಂಡು. ಆರಿದ್ರಾ ಮಳೆಗೆ ಕೊಂಬೆ ಬಿದ್ದು ತುಂಡಾದರೆ ಪೇಟೆಯಿಂದ ಸ್ಪ್ಲೈಸಿಂಗ್ ಮೆಷೀನ್ ಬರಬೇಕು. ಮೆಷೀನ್ ಒಂದೇ, ತುಂಡಾದ ಊರು ಹತ್ತು. ಯಜಮಾನರೊಬ್ಬರು ಕವಳ ಹಾಕಿಕೊಳ್ಳುತ್ತ, ‘ಕಾಲುವೆ ಕೊನೆ ಗದ್ದೆಯವರ ಹಣೆಬರಹ ಮಾರಾಯ್ರೆ, ನೀರು ಬಂದಾಗ ಬಂತು’ ಎಂದರು. ಗಮನಿಸಿ, ಇಲ್ಲಿ ಬೇಡಿಕೆ ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಎಳೆ ತರುವ ದುಡ್ಡನ್ನೇ ಗಿರಾಕಿ ಕೊಟ್ಟಿದ್ದಾನೆ.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. 2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎಂದಾದ ಯೋಜನೆ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಎಳೆ ತಲುಪಿಸಲು ಹೊರಟಿತು. 2023ರಲ್ಲಿ ಅದರ ಪರಿಷ್ಕೃತ ರೂಪಕ್ಕೆ 1.39 ಲಕ್ಷ ಕೋಟಿ ರೂಪಾಯಿ ಮಂಜೂರಾಯಿತು. ದುಡ್ಡು ಬರುವುದು ಕಂಪನಿಗಳ ಆದಾಯದ ಮೇಲಿನ ಶೇ 5ರ ಸುಂಕದಿಂದ. ಪಂಚಾಯಿತಿ ಕಚೇರಿಯವರೆಗೆ ಎಳೆ ಬಂದರೆ ಅಲ್ಲಿಂದ ಮನೆಗೆ ಯಾರು ಎಂಬಲ್ಲಿ ಕೆಲಸ ತಡೆಯುತ್ತದೆ. ದೇಶದಲ್ಲಿ ಮೊಬೈಲಿನಲ್ಲಿ ಬ್ರಾಡ್‌ಬ್ಯಾಂಡ್ ಬಳಸುವವರು 90 ಕೋಟಿ ದಾಟಿದಾಗಲೂ ತಂತಿಯ ಬ್ರಾಡ್‌ಬ್ಯಾಂಡ್ ಸಂಪರ್ಕಗಳು ಸುಮಾರು ನಾಲ್ಕು ಕೋಟಿಯಷ್ಟೇ.

ಜಾಗ ಕಷ್ಟದ್ದಾದರೆ ಅದನ್ನು ನಕ್ಷೆಯಿಂದ ತೆಗೆಯುವುದೊಂದೇ ದಾರಿಯಲ್ಲ ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿ ಉಂಟು. 1986ರಲ್ಲಿ ಸಿ-ಡಾಟ್ ಸಂಸ್ಥೆ ತಾನು ಕಟ್ಟಿದ 128 ಲೈನುಗಳ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜನ್ನು ಮೊದಲು ಚಾಲೂ ಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಹೊರದೇಶದ ಯಂತ್ರಗಳು ಹವಾನಿಯಂತ್ರಣವಿಲ್ಲದೆ ನಡೆಯುತ್ತಿರಲಿಲ್ಲ, ಇದು ಧೂಳಿನಲ್ಲೂ ಸೆಕೆಯಲ್ಲೂ ನಡೆಯುವಂತೆ ಕಟ್ಟಿದ್ದು. ಊರು ಮೊದಲು, ಯಂತ್ರ ಆಮೇಲೆ.

ರಸ್ತೆ ಅಗೆಯುವ ಅನುಮತಿಗೆ ಬಂದು ಮುಗಿಸುತ್ತೇನೆ. 2016ರ ಕೇಂದ್ರ ನಿಯಮಗಳ ಪ್ರಕಾರ ಸ್ಥಳೀಯ ಸಂಸ್ಥೆ ಅರ್ಜಿ ಪರಿಶೀಲನೆಗೆ ಕಿಲೋಮೀಟರಿಗೆ ಹೆಚ್ಚೆಂದರೆ 1,000 ರೂಪಾಯಿ, ಜೊತೆಗೆ ರಸ್ತೆ ಸರಿಪಡಿಸುವ ವೆಚ್ಚ ಕೇಳಬಹುದಿತ್ತು. 60 ದಿನದಲ್ಲಿ ಉತ್ತರ ಕೊಡದಿದ್ದರೆ ಅನುಮತಿ ಕೊಟ್ಟಂತೆಯೇ ಆಗುತ್ತಿತ್ತು. 2025ರ ಜನವರಿ 1ರಿಂದ ಹೊಸ ನಿಯಮಗಳು ಬಂದಿವೆ, ಅವುಗಳ ಒಲವೂ ಅದೇ: ಕಂಪನಿಗೆ ಅಡ್ಡಿಯಾಗಬೇಡಿ. ಪಾಲಿಕೆಗಳು ಅನುಮತಿಯ ಹೆಸರಿನಲ್ಲಿ ಕಂಪನಿಗಳನ್ನು ಸುಲಿದದ್ದು ನಿಜ, ಆ ಸುಲಿಗೆ ನಿಲ್ಲಬೇಕಿತ್ತು. ಆದರೆ ದುಡ್ಡು ಕೇಳಬಾರದು ಎಂದ ನಿಯಮ, ದುಡ್ಡಲ್ಲದ ಒಂದನ್ನು ಕೇಳಲು ದಾರಿ ಇಟ್ಟಿದ್ದರೆ ಚೆನ್ನಿತ್ತು. ಈ ವಾರ್ಡಿನಲ್ಲಿ ಯಾವ ಬೀದಿಗೆ ಎಳೆ ಹಾಕುತ್ತೀರಿ, ಯಾವುದಕ್ಕೆ ಹಾಕುವುದಿಲ್ಲ, ಹಾಕಿದ ಬೀದಿಯಲ್ಲಿ ಕೇಳಿದ ಮನೆಗೆ ಎಷ್ಟು ದಿನದಲ್ಲಿ ಜೋಡಿಸುತ್ತೀರಿ ಎಂಬ ಒಂದು ಹಾಳೆ, ಅರ್ಜಿಯ ಜೊತೆ, ವಾರ್ಡ್ ಕಚೇರಿಯ ಫಲಕದಲ್ಲಿ. ಕಂಪನಿಯ ಗುಟ್ಟು ಬಯಲಾಗುತ್ತದೆ ಎಂಬ ಆಕ್ಷೇಪ ಬರುತ್ತದೆಂದು ಗೊತ್ತು. ಅಗೆದ ಬೀದಿ ಯಾವುದೆಂಬುದು ಮೊದಲ ಮಳೆ ಬಿದ್ದಾಗ ಹೇಗೂ ಎಲ್ಲರಿಗೂ ಗೊತ್ತಾಗುತ್ತದೆ, ಗುಟ್ಟಾಗಿ ಉಳಿಯುವುದು ಅಗೆಯದ ಬೀದಿಯದು. ಪಾಲಿಕೆಗೆ ಇದನ್ನು ಕೇಳುವ ಅಧಿಕಾರವಿಲ್ಲ ಎನ್ನುವುದಾದರೆ, ಪರವಾನಗಿ ಕೊಡುವ ದೂರಸಂಪರ್ಕ ಇಲಾಖೆಗೆ ಇದೆ. ಈ ಸಭೆಯಲ್ಲಿ ಆ ಇಲಾಖೆಯಲ್ಲಿ ದುಡಿದವರು ಕೆಲವರು ಕೂತಿದ್ದೀರಿ. ಮಾತು ಮುಗಿದ ಮೇಲೆ ಚರ್ಚೆಗೆ ಅರ್ಧ ಗಂಟೆ ಇಟ್ಟಿದ್ದಾರೆ, ಅದನ್ನು ನೀವೇ ಶುರು ಮಾಡಬೇಕೆಂದು ಕೋರುತ್ತೇನೆ.